ಸೋಮವಾರ ಪೇಟೆ, ಮಂಗಳವಾರ ಅಂಕಣ, ಮಳೆಗಾಲಕ್ಕೆ ಕಾದಂಬರಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ. ನನ್ನ ಅಂಕಣ ಪತ್ರಿಕೆಯವರ ಕೈ ಸೇರಬೇಕಾದದ್ದು ಮಂಗಳವಾರ ಸಂಜೆ ಆರರೊಳಗೆ. ಶನಿವಾರದ ಪುರವಣಿಯನ್ನು ಮೊದಲೇ ಅಚ್ಚು ಹಾಕಿಟ್ಟುಬಿಡುತ್ತಾರೆ, ಅದಕ್ಕೆ ಮಂಗಳವಾರ. ಇಪ್ಪತ್ತು ವರ್ಷದಿಂದ ನನ್ನ ಬರವಣಿಗೆ ನಡೆದಿರುವುದು ಸೋಮವಾರ, ಮಂಗಳವಾರದ ನಡುವೆ ಸಿಗುವ ಒಂದು ರಾತ್ರಿಯಲ್ಲಿ.

ನಾನು ಅಡತಿ ಅಂಗಡಿಯೊಂದರ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿಯ, ಗುಮಾಸ್ತ. 1996ರಲ್ಲಿ ಬಿ.ಕಾಂ. ಮುಗಿಸಿ ಸೇರಿದವನು ಈಗಲೂ ಅದೇ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ರೈತರು ತಂದ ಚೀಲಗಳಿಗೆ ಲಾಟ್ ನಂಬರ್ ಹಾಕುವುದು, ಟೆಂಡರ್ ಆದ ಮೇಲೆ ರೇಟು ಬರೆದು ಪಟ್ಟಿ ಮಾಡುವುದು, ಹಮಾಲಿ, ತೂಕದ ಖರ್ಚು ಕಳೆದು ಹಣ ಎಣಿಸಿ ಕೊಡುವುದು ನನ್ನ ಕೆಲಸ. ಮೊದಲು ಚೀಟಿಯಲ್ಲಿ ರೇಟು ಬರೆದು ಹಾಕುವ ಟೆಂಡರ್ ಇತ್ತು. ಈಗ ಎಲ್ಲ ಕಂಪ್ಯೂಟರ್. ಡಿಸೆಂಬರ್‌ನಿಂದ ಮೇ ತನಕ ಸೀಸನ್. ಅದರಲ್ಲೂ ಫೆಬ್ರುವರಿ, ಮಾರ್ಚ್‌ನಲ್ಲಿ ಒಂದೇ ಪೇಟೆ ದಿನಕ್ಕೆ ಲಕ್ಷ ಚೀಲ ದಾಟಿ ಬರುತ್ತವೆ. ಹೊಸಬರು ಊರಿಗೆ ಕಾಲಿಟ್ಟರೆ ಮೊದಲು ಸೀನುತ್ತಾರೆ, ಆಮೇಲೆ ಮಾತು. ನಮಗೆ ಆ ಘಾಟು ಗೊತ್ತೇ ಆಗುವುದಿಲ್ಲ.

ಬರೆಯುವ ಚಟ ಹತ್ತಿದ್ದು 2003ರಲ್ಲಿ. ಚಳಿಯಲ್ಲಿ ಚೀಲದ ಮೇಲೆ ಚೀಲ ಹೊದ್ದು ಮಲಗಿದ ರೈತರನ್ನು ನೋಡಿ ಒಂದು ದಿನಪತ್ರಿಕೆಯ ಓದುಗರ ಪತ್ರಗಳ ವಿಭಾಗಕ್ಕೆ ಅರ್ಧ ಪುಟ ಬರೆದು ಕಳಿಸಿದೆ. ಆರು ಸಾಲು ಬಂತು. ನನ್ನ ಹೆಸರು, ಊರು ಕಪ್ಪು ಅಕ್ಷರದಲ್ಲಿ. ಆ ಆರು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಅದಾದ ಮೇಲೆ ತಿಂಗಳಿಗೆ ಎರಡು ಪತ್ರ ಬರೆದೆ. ಆಮೇಲೆ ಮುನ್ನೂರು ಪದದ ಚಿಕ್ಕ ಬರಹಗಳು. ಕೆಲವು ಬಂದವು, ಜಾಸ್ತಿ ಬರಲಿಲ್ಲ. 2005ರ ಜೂನ್‌ನಲ್ಲಿ ಅಂಗಡಿಯ ಫೋನಿಗೆ ಕರೆ ಬಂತು. ಹುಬ್ಬಳ್ಳಿಯಿಂದ ಪುರವಣಿ ನೋಡಿಕೊಳ್ಳುವವರು.

“ವಾರಕ್ಕೊಂದು ಬರೀತೀರೇನ್ರಿ? ಐದು ನೂರು ಪದ. ಜಾಸ್ತಿ ಆದ್ರ ನಾವ ಕತ್ತರಿಸ್ತೀವಿ.”

“ಯಾವ ವಿಷಯದ ಮ್ಯಾಲೆ ಸರ್?”

“ನಿಮ್ಮ ಪ್ಯಾಟಿ ಮ್ಯಾಲೆ. ಗುಮಾಸ್ತರಾಗಿ ಬರೀರಿ. ಸಾಹಿತಿ ಆಗಿ ಬರೀಬ್ಯಾಡ್ರಿ.”

ಈ ಮಾತನ್ನು ಆಗ ನಾನು ಪೂರ್ತಿ ಅರ್ಥ ಮಾಡಿಕೊಳ್ಳಲಿಲ್ಲ. ಒಪ್ಪಿಕೊಂಡೆ. ಒಂದು ಬರಹಕ್ಕೆ 300 ರೂಪಾಯಿ.

ಬರೆಯುವುದಕ್ಕಿಂತ ಕಳಿಸುವುದೇ ಆಗ ದೊಡ್ಡ ಕೆಲಸ. ಹಾಳೆಯ ಒಂದೇ ಮಗ್ಗುಲಲ್ಲಿ, ಎಡಕ್ಕೆ ಅಂಚು ಬಿಟ್ಟು, ಬಿಡಿಬಿಡಿಯಾಗಿ ಬರೆಯಬೇಕು. ಲಕೋಟೆಯನ್ನು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅವರು ನಿಲ್ದಾಣದಲ್ಲಿ ಪತ್ರಿಕೆಯ ಹುಡುಗನಿಗೆ ತಲುಪಿಸುತ್ತಿದ್ದರು. ಒಬ್ಬ ಕಂಡಕ್ಟರ್ ಅಣ್ಣ ದಾರಿಯಲ್ಲಿ ಓದಿಯೇ ಕೊಡುತ್ತಿದ್ದರು. ಮುಂದಿನ ವಾರ ಸಿಕ್ಕಾಗ “ಈ ಸಲ ಸ್ವಲ್ಪ ಸಪ್ಪಗಿತ್ತಲ್ರಿ” ಅನ್ನುತ್ತಿದ್ದರು. ನನ್ನ ಮೊದಲ ವಿಮರ್ಶಕರು ಅವರೇ, ಅವರು ಹೇಳಿದ್ದು ಎಂದೂ ಸುಳ್ಳಾಗಲಿಲ್ಲ. ಆಮೇಲೆ ಫ್ಯಾಕ್ಸ್ ಬಂತು. ಅದರ ಹಿಂದೆ ಸೈಬರ್ ಕೆಫೆಯಲ್ಲಿ ಕೂತು ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು ಕಲಿತೆ. ಮೊಬೈಲಿನಲ್ಲಿ ಯೂನಿಕೋಡ್ ಬಂದಾಗ ಎಲ್ಲ ಸುಲಭ ಆಯಿತು ಅಂದುಕೊಂಡೆ. ಆದರೆ ಪುಟ ಕಟ್ಟುವ ಕಂಪ್ಯೂಟರಿನ ಅಕ್ಷರ ಬೇರೆ. ಬದಲಾಯಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಕಿತ್ತುಹೋಗುತ್ತಿದ್ದವು. ಒಂದು ಶನಿವಾರ ನನ್ನ ಅಂಕಣದಲ್ಲಿ ಏಳು ಕಡೆ ಪ್ರಶ್ನೆ ಚಿಹ್ನೆ ಮಾತ್ರ ಉಳಿದಿತ್ತು. ಅವತ್ತು ನನಗೆ ಊಟ ಸೇರಲಿಲ್ಲ.

ಅಂಕಣದ ಕಸುಬು ಕಲಿಯಲು ಮೂರು ವರ್ಷ ಬೇಕಾಯಿತು. ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಬಂದರೆ ಬರಹವನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಕೊನೆಯ ಪ್ಯಾರಾ ಮೊದಲು ಹೋಗುತ್ತದೆ. ನಾನು ಒಳ್ಳೆಯದನ್ನೆಲ್ಲ ಕೊನೆಗೆ ಇಟ್ಟುಕೊಂಡು ಬರೆಯುತ್ತಿದ್ದೆ. ಶನಿವಾರ ನೋಡಿದರೆ ಅದೇ ಇಲ್ಲ! ಹಾಗಾಗಿ ತಿರುಳನ್ನು ಮೂರನೇ ಪ್ಯಾರಾಕ್ಕೇ ತರುವುದು ಕಲಿತೆ. ಕೊನೆಯ ಪ್ಯಾರಾ ಇದ್ದರೂ ಸರಿ, ಹೋದರೂ ಸರಿ ಅನ್ನುವ ಹಾಗೆ ಬರೆಯುವುದು ಕಲಿತೆ. ಮೊದಲ ಸಾಲಿನಲ್ಲಿ ಒಬ್ಬ ಮನುಷ್ಯ ನಿಂತಿರಬೇಕು, ಅವನ ಕೈಯಲ್ಲಿ ಏನಾದರೂ ಇರಬೇಕು ಅನ್ನುವುದೂ ಗೊತ್ತಾಯಿತು. ‘ಮಾರುಕಟ್ಟೆಯಲ್ಲಿ ಬೆಲೆ ಕುಸಿದಿದೆ’ ಅಂತ ಶುರು ಮಾಡಿದರೆ ಯಾರೂ ಓದುವುದಿಲ್ಲ. ‘ಡಬ್ಬಿ ತಳಿಯ ಮೆಣಸಿನಕಾಯಿ ಒಂದು ಹಿಡಿ ಮೂಸಿ ನೋಡಿ ಮತ್ತೆ ಚೀಲಕ್ಕೇ ಹಾಕಿದರು’ ಅಂದರೆ ಓದುತ್ತಾರೆ.

ಸೋಮವಾರ ಪೇಟೆ ಮುಗಿದು ಲೆಕ್ಕ ಕೂಡಿಸುವ ಹೊತ್ತಿಗೆ ರಾತ್ರಿ ಹತ್ತು, ಹನ್ನೊಂದು. ಮನೆಗೆ ಬಂದು ರೊಟ್ಟಿ ತಿಂದು ಕೂತರೆ ಎರಡು ಗಂಟೆಯ ತನಕ ಬರೆಯುತ್ತಿದ್ದೆ. ಹಗಲು ಕೇಳಿದ ಮಾತು ಕಿವಿಯಲ್ಲಿ ಇನ್ನೂ ಬಿಸಿ ಇರುತ್ತಿತ್ತು. ಮಂಗಳವಾರ ಬೆಳಿಗ್ಗೆ ಒಮ್ಮೆ ಓದಿ, ನೂರು ಪದ ಕಡಿಮೆ ಮಾಡಿ ಕಳಿಸುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಈ ಕ್ರಮ ಬದಲಾಗಿಲ್ಲ. ನನ್ನ ಮದುವೆಯ ವಾರ ಕೂಡ ಅಂಕಣ ಹೋಯಿತು. ಅಪ್ಪ ತೀರಿಕೊಂಡ ವಾರ ಹೋಗಲಿಲ್ಲ.

ಸಾಹಿತ್ಯದ ಗೆಳೆಯರಿಗೆ ಇದು ಹಿಡಿಸುತ್ತಿರಲಿಲ್ಲ. “ಚಿಲ್ಲರೆ ಖರ್ಚು ಮಾಡ್ತಾ ಇದ್ದೀಯ, ದೊಡ್ಡದು ಯಾವಾಗ ಬರೀತಿ?” ಅನ್ನುತ್ತಿದ್ದರು. ಅಂಕಣ ಅಂದರೆ ಸಾಹಿತ್ಯ ಅಲ್ಲ ಅನ್ನುವ ಮಾತು ನಮ್ಮಲ್ಲಿ ಬಹಳ ಹಳೆಯದು. ನಾನು ಅದನ್ನು ಒಪ್ಪುವುದಿಲ್ಲ. ಹಾ.ಮಾ. ನಾಯಕರ ಅಂಕಣ ಬರಹಗಳ ಪುಸ್ತಕ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಲಂಕೇಶ್ 1980ರಲ್ಲಿ ವಾರಪತ್ರಿಕೆ ಶುರು ಮಾಡಿ, ವಾರವಾರ ಬರೆಯುತ್ತಲೇ ಕಾದಂಬರಿಯನ್ನೂ ಬರೆದರು. ಇನ್ನೂ ಹಿಂದೆ ಹೋದರೆ ನಮ್ಮ ಹಾವೇರಿ ನೆಲದವರೇ ಆದ ಗಳಗನಾಥರು. ಅಗಡಿಯ ಆನಂದವನದಿಂದ ಬರುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿದರು, ಕಾದಂಬರಿಗಳನ್ನು ಬರೆದರು, ಆ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪತ್ರಿಕೆ ಬೇರೆ, ಪುಸ್ತಕ ಬೇರೆ ಅಂತ ಅವರು ಗೆರೆ ಎಳೆದುಕೊಂಡು ಕೂರಲಿಲ್ಲ. ಅಗಡಿಯ ಹಾದಿಯಲ್ಲಿ ಹೋದಾಗಲೆಲ್ಲ ನನಗೆ ತಲೆ ಮೇಲೆ ಗಂಟು ಹೊತ್ತ ಆ ಹಿರಿಯರ ನೆನಪಾಗುತ್ತದೆ.

ಆದರೆ ಗೆಳೆಯರ ಮಾತಿನಲ್ಲಿ ಒಂದು ನಿಜ ಇತ್ತು. ಅದನ್ನು ನನಗೆ ತೋರಿಸಿಕೊಟ್ಟದ್ದು ತೊಟ್ಟು ಬಿಡಿಸುವ ಒಬ್ಬ ದೊಡ್ಡವ್ವ.

ಮಾರಾಟ ಆದ ಮೆಣಸಿನಕಾಯಿಯ ತೊಟ್ಟು ತೆಗೆಯುವುದು ಇಲ್ಲಿ ಹೆಣ್ಣುಮಕ್ಕಳ ಕೆಲಸ. ಕಿಲೋ ಲೆಕ್ಕದಲ್ಲಿ ಕೂಲಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಆ ಬಣ್ಣ ತೆಗೆಯುವ ಕಾರ್ಖಾನೆಗಳೇ ಇವೆ, ತುಟಿಯ ಬಣ್ಣದವರೆಗೂ ಹೋಗುತ್ತದೆ ಅದು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಆದರೆ ದಿನಕ್ಕೆ ಎಂಟು ಹತ್ತು ತಾಸು ತೊಟ್ಟು ಮುರಿಯುವ ಬೆರಳಿಗೆ ‘ಖಾರ ಕಡಿಮೆ’ ಅನ್ನುವ ಮಾತು ತಾಗುವುದಿಲ್ಲ. ಗುಂಟೂರು ತಳಿ ಬಂದ ದಿನ ಇನ್ನೂ ಕಷ್ಟ. ಸಂಜೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಉಗುರಿನ ಸಂದಿಯಲ್ಲಿ ಕೆಂಪು ಹಾಗೇ ಉಳಿದಿರುತ್ತದೆ.

ದೊಡ್ಡವ್ವನಿಗೆ ಆಗ ಅರವತ್ತರ ಹತ್ತಿರ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನನಗೂ ಅರ್ಧ ರೊಟ್ಟಿ, ಒಂದು ಚಿಟಿಕೆ ಗುರೆಳ್ಳು ಚಟ್ನಿ ಕೊಡುತ್ತಿದ್ದಳು. 2008ರ ಒಂದು ಮಧ್ಯಾಹ್ನ ಗಂಡ ಸತ್ತ ದಿನದ ಮಾತು ತೆಗೆದಳು. ಅವನು ಕುಡಿದು ಬಂದು ಹೊಡೆಯುತ್ತಿದ್ದ. ಸತ್ತ ಸುದ್ದಿ ಬಂದಾಗ ಆಕೆ ಇಲ್ಲೇ ತೊಟ್ಟು ಮುರಿಯುತ್ತಾ ಕೂತಿದ್ದಳು. ಎದ್ದು ಮನೆಗೆ ಓಡಿದಳು. ಹೆಣದ ಮುಂದೆ ಕೂತರೆ ಅಳು ಬರಲಿಲ್ಲ. ಸುತ್ತ ಕೂತ ಹೆಂಗಸರು ಇವಳ ಮುಖವನ್ನೇ ನೋಡುತ್ತಿದ್ದರು. ತೊಳೆಯದ ಕೈಯಿಂದ ಎರಡೂ ಕಣ್ಣು ಒರೆಸಿಕೊಂಡಳು. ನೀರು ಕಿತ್ತು ಬಂತು. “ಅವತ್ತ ಮೂರು ತಾಸು ಅತ್ತೆ ತಮ್ಮಾ” ಅಂದಳು. ಹೇಳಿ ನಕ್ಕಳು. ಬುತ್ತಿ ಕಟ್ಟಿಕೊಂಡು ಮತ್ತೆ ರಾಶಿಯ ಮುಂದೆ ಕೂತಳು.

ಅವತ್ತು ಸೋಮವಾರ. ರಾತ್ರಿ ನಾನು ಅದನ್ನು ಬರೆದೆ. ಹೆಸರು ಹಾಕಲಿಲ್ಲ, ಓಣಿ ಹೇಳಲಿಲ್ಲ. 480 ಪದ. ಒಂದೇ ಏಟಿಗೆ ಬಂತು, ಒಂದು ಪದವನ್ನೂ ಹೊಡೆದು ಹಾಕಲಿಲ್ಲ. ಶನಿವಾರ ಬಂದಾಗ ಜಾಹೀರಾತು ಇರಲಿಲ್ಲ, ಕೊನೆಯ ಪ್ಯಾರಾ ಪೂರ್ತಿ ಇತ್ತು. ಅಷ್ಟು ಪತ್ರಗಳು ನನಗೆ ಅದುವರೆಗೆ ಬಂದಿರಲಿಲ್ಲ. ಶಿರಸಿಯಿಂದ, ರಾಯಚೂರಿನಿಂದ, ಮುಂಬೈಯಿಂದ. ನಾನು ಹಿಗ್ಗಿಹೋದೆ.

ಬ್ಯಾಡಗಿ ಸಣ್ಣ ಊರು. ಹೆಸರು ಹಾಕದಿದ್ದರೆ ಏನಂತೆ? ಅಂಗಡಿಯ ಕಟ್ಟೆಯ ಮೇಲೆ ಯಾರೋ ಗಟ್ಟಿಯಾಗಿ ಓದಿದರು. ಅರ್ಧ ತಾಸಿನೊಳಗೆ ಎಲ್ಲರಿಗೂ ಗೊತ್ತಾಯಿತು. ಅವಳ ಮಗನಿಗೂ. ಅಪ್ಪನ ಸಾವಿಗೆ ಅವ್ವ ಸುಳ್ಳು ಅತ್ತಳು ಅನ್ನುವುದು ಅವನಿಗೆ ಪೇಪರಿನಿಂದ ತಿಳಿಯಿತು. ಅವನು ಆರು ತಿಂಗಳು ಅವಳ ಜೊತೆ ಮಾತು ಬಿಟ್ಟ.

ಸೋಮವಾರ ಅವಳು ಎಂದಿನ ಹಾಗೆ ಬಂದಳು. ನಾನು ಹತ್ತಿರ ಹೋಗಿ ನಿಂತೆ. ಬಾಯಿಂದ ಮಾತು ಹೊರಡಲಿಲ್ಲ. ಅವಳು ತೊಟ್ಟು ಮುರಿಯುವುದನ್ನು ನಿಲ್ಲಿಸದೇ ಹೇಳಿದಳು.

“ನಿನಗ ಹೇಳಿದ್ದು ನಾನು. ಪೇಪರಿಗೆ ಹೇಳಿರಲಿಲ್ಲ.”

“ತಪ್ಪಾತು ಯವ್ವಾ.”

“ಬರದದ್ದು ಬರದಿ, ಅರ್ಧಕ್ಕ ಬಿಟ್ಟಿ. ನಾ ಅತ್ತದ್ದು ಬರದಿ. ಮರುದಿನ ಏನಾತು ಅಂತ ಕೇಳಲೇ ಇಲ್ಲ ನೀ.”

ಅವಳ ಕ್ಷಮೆ ಕೇಳಿ, ಮಗನ ಹತ್ತಿರವೂ ಹೋಗಿ ಕೈ ಮುಗಿದೆ. ಅವನು ಮುಖ ತಿರುಗಿಸಿದ. ಸರಿಯಾಗೇ ಮಾಡಿದ. ಅಲ್ಲಿಂದ ಮುಂದೆ ನಾನು ಒಂದು ನಿಯಮ ಹಾಕಿಕೊಂಡೆ. ಯಾರದ್ದೇ ಮನೆಯೊಳಗಿನ ಮಾತು ಬರೆಯುವುದಿದ್ದರೆ ಮೊದಲು ಅವರಿಗೆ ಓದಿ ಹೇಳುವುದು. ಬೇಡ ಅಂದರೆ ಹರಿದು ಹಾಕುವುದು. ಮಂಗಳವಾರ ಸಂಜೆ ಐದೂವರೆಗೆ ಹರಿದು ಹಾಕಿ, ಅರ್ಧ ತಾಸಿನಲ್ಲಿ ಬೇರೆ ಬರೆದು ಕಳಿಸಿದ ವಾರಗಳೂ ಇವೆ.

‘ಮರುದಿನ ಏನಾಯಿತು’ ಅನ್ನುವ ಮಾತು ಮಾತ್ರ ಒಳಗೇ ಕೂತುಬಿಟ್ಟಿತು.

ಕಾದಂಬರಿ ಬರೆಯಬೇಕು ಅಂತ ಕೂತದ್ದು 2009ರ ಮಳೆಗಾಲದಲ್ಲಿ. ಜೂನ್‌ನಿಂದ ಪೇಟೆ ತೆಳ್ಳಗಾಗುತ್ತದೆ. ಚೀಲ ಕಡಿಮೆ, ಲೆಕ್ಕವೂ ಕಡಿಮೆ. ಬೆಳಿಗ್ಗೆ ನಾಲ್ಕರಿಂದ ಆರರ ತನಕ ನನ್ನದೇ ಹೊತ್ತು. ಒಂದೇ ಅಡತಿ ನಡೆಸುವ ಇಬ್ಬರು ಅಣ್ಣತಮ್ಮಂದಿರ ಕಥೆ ಅದು. ಎರಡು ಮಳೆಗಾಲದಲ್ಲಿ ಬರೆದು ಮುಗಿಸಿದೆ. 42 ಅಧ್ಯಾಯ. 2011ರಲ್ಲಿ ಹಸ್ತಪ್ರತಿ ಹಿಡಿದು ಧಾರವಾಡಕ್ಕೆ ಹೋದೆ. ಸುಭಾಸ ರಸ್ತೆಯ ಪುಸ್ತಕದ ಅಂಗಡಿಗಳನ್ನು ನೋಡುತ್ತಾ ನಡೆದಾಗ ಎದೆ ಡವಡವ ಅನ್ನುತ್ತಿತ್ತು. ಹಿರಿಯ ಪ್ರಕಾಶಕರೊಬ್ಬರು ಇಟ್ಟುಹೋಗಿ ಅಂದರು. ಎರಡು ತಿಂಗಳಾದ ಮೇಲೆ ಕರೆಸಿದರು. ಚಹಾ ತರಿಸಿದರು. ನಾನು ಕುಡಿಯುವ ತನಕ ಸುಮ್ನೆ ಇದ್ದರು.

“ಕೌದಿ ಹೊಲದೀರಿ” ಅಂದರು. “ಚಂದ ಐತಿ. ಒಂದೊಂದು ತುಂಡೂ ಚಂದ ಐತಿ. ಆದ್ರ ನೀವು ಸೀರಿ ನೇಯ್ತೀನಿ ಅಂತ ಹೊಂಟಿದ್ರಿ ಅಲ್ಲೇನ್ರಿ?”

ಬಸ್ಸಿನಲ್ಲಿ ವಾಪಸ್ ಬರುವಾಗ ಹಸ್ತಪ್ರತಿ ತೆಗೆದು ಓದಿದೆ. ಅವರು ಹೇಳಿದ್ದು ಕಣ್ಣಿಗೆ ಹೊಡೆಯಿತು. 42 ಅಧ್ಯಾಯವೂ ಒಂದೇ ಅಳತೆ. ಪ್ರತಿ ಅಧ್ಯಾಯದ ಮೊದಲ ಸಾಲಿನಲ್ಲಿ ಒಬ್ಬ ಮನುಷ್ಯ, ಅವನ ಕೈಯಲ್ಲಿ ಏನೋ ಒಂದು. ಮಧ್ಯದಲ್ಲಿ ತಿರುಳು. ಕೊನೆಗೆ ಓದುಗರು ‘ಆಹಾ’ ಅನ್ನುವಂಥ ಒಂದು ಸಾಲು, ಅಲ್ಲಿಗೆ ಮುಗಿಯಿತು. ಅಣ್ಣ ತಮ್ಮನ ಕೆನ್ನೆಗೆ ಹೊಡೆಯುವುದರೊಂದಿಗೆ ಹದಿನೇಳನೇ ಅಧ್ಯಾಯ ಮುಗಿಯುತ್ತದೆ. ಹದಿನೆಂಟನೆಯದರಲ್ಲಿ ಬೇರೆ ಊರು, ಬೇರೆ ಜನ. ಹೊಡೆಸಿಕೊಂಡವನು ಅವತ್ತು ರಾತ್ರಿ ಎಲ್ಲಿ ಉಂಡ? ಇಬ್ಬರ ಹೆಂಡಂದಿರು ಒಂದೇ ಒಲೆಯ ಮುಂದೆ ಹೇಗೆ ಕೂತರು? ನಾನು ಬರೆದೇ ಇರಲಿಲ್ಲ. ಬರೆಯುವುದನ್ನು ಮರೆತಿದ್ದೂ ಅಲ್ಲ. ಅಲ್ಲಿ ಬರೆಯುವುದಕ್ಕೆ ಏನೋ ಇದೆ ಅನ್ನುವುದೇ ನನಗೆ ಹೊಳೆದಿರಲಿಲ್ಲ. ಆರು ವರ್ಷ ವಾರವಾರ ಏಟಿನ ಹತ್ತಿರ ನಿಲ್ಲಿಸಿ ನಿಲ್ಲಿಸಿ ನನ್ನ ಕೈಗೆ ಅದೇ ರೂಢಿಯಾಗಿತ್ತು. ಮೋಟೆಬೆನ್ನೂರು ದಾಟುವಾಗ ದೊಡ್ಡವ್ವನ ಮಾತು ನೆನಪಾಯಿತು. ಆ ಮಾತು ಮೂರು ವರ್ಷದ ಮೊದಲೇ ನನಗೆ ಸಿಕ್ಕಿತ್ತು. ನಾನು ಅದನ್ನು ಬೈಗುಳ ಅಂತ ಮಾತ್ರ ತಿಳಿದಿದ್ದೆ.

ಮತ್ತೆ ಶುರುವಿನಿಂದ ಬರೆದೆ. ಅಂಗಡಿಯಲ್ಲಿ ಖಾತೆ ತೆಗೆಯುವ ಹಾಗೆ ಮನೆಯಲ್ಲಿ ಎರಡು ನೋಟುಬುಕ್ ಮಾಡಿದೆ. ಒಂದರ ಮೇಲೆ ‘ಪೇಪರ್’ ಅಂತ ಬರೆದೆ. ಇನ್ನೊಂದರ ಮೇಲೆ ‘ಮಳೆ’. ಪೇಟೆಯಲ್ಲಿ ಕೇಳಿದ್ದು, ಕಂಡದ್ದು ಯಾವ ಖಾತೆಗೆ ಹೋಗಬೇಕು ಅನ್ನುವುದನ್ನು ಅವತ್ತೇ ತೀರ್ಮಾನ ಮಾಡಬೇಕು. ಮಳೆ ಖಾತೆಗೆ ಬರೆದದ್ದನ್ನು ಎಷ್ಟೇ ಆಸೆಯಾದರೂ ಅಂಕಣಕ್ಕೆ ತೆಗೆಯಕೂಡದು. ಇದು ಹೇಳುವಷ್ಟು ಸುಲಭ ಇರಲಿಲ್ಲ. ಮಂಗಳವಾರ ಮಧ್ಯಾಹ್ನ ಮೂರಾಗಿದೆ, ಕೈಯಲ್ಲಿ ಏನೂ ಇಲ್ಲ, ಪಕ್ಕದ ನೋಟುಬುಕ್ಕಿನಲ್ಲಿ ಚಿನ್ನದಂಥ ಸಂಗತಿ ಇದೆ. ಎರಡು ಸಲ ಸೋತು ತೆಗೆದುಕೊಂಡೆ. ಎರಡೂ ಸಲ ಆ ಸಂಗತಿ ಕಾದಂಬರಿಗೆ ಮತ್ತೆ ಬರಲೇ ಇಲ್ಲ. ಒಮ್ಮೆ 500 ಪದದಲ್ಲಿ ಹೇಳಿ ಮುಗಿಸಿದ ಮೇಲೆ ಅದಕ್ಕೆ ಬೇರು ಬಿಡುವ ಶಕ್ತಿ ಹೋಗಿಬಿಡುತ್ತದೆ. ನನ್ನ ಮಟ್ಟಿಗಂತೂ ಹೀಗೆ. ಬೇರೆಯವರಿಗೆ ಬೇರೆ ಇರಬಹುದು.

ಕಾದಂಬರಿಯಲ್ಲಿ ನಾನು ಕಲಿಯಬೇಕಾದದ್ದು ನಿಧಾನ. ಒಂದು ಬೆಳಿಗ್ಗೆಯೆಲ್ಲ ಇಬ್ಬರು ಹೆಂಗಸರು ಒಲೆ ಮುಂದೆ ಮಾತಿಲ್ಲದೇ ಕೂತಿರುವುದನ್ನು ಬರೆದೆ. ಎರಡು ತಾಸಿಗೆ ಒಂಬತ್ತು ಸಾಲು. ಹಿಟ್ಟು ನಾದುವುದು, ತಟ್ಟುವುದು, ಹಂಚಿನ ಮೇಲೆ ಹಾಕಿ ನೀರು ಸವರುವುದು. ಅಂಕಣದಲ್ಲಿ ಇಂಥ ಒಂಬತ್ತು ಸಾಲಿಗೆ ಜಾಗ ಇಲ್ಲ, ನಾನೇ ಮೊದಲು ಹೊಡೆದು ಹಾಕುತ್ತಿದ್ದೆ. ಇಲ್ಲಿ ಅದೇ ಬೇಕಾಗಿತ್ತು. ಆದರೂ ಅಂಕಣ ನನ್ನನ್ನು ಕೆಡಿಸಿತು ಅಂತ ಹೇಳಲು ನನಗೆ ಮನಸ್ಸಿಲ್ಲ. ಕಣ್ಣು ತೆರೆದು ನೋಡುವುದನ್ನು ಕಲಿಸಿದ್ದೇ ಅದು. ಮನಸ್ಸು ಇರಲಿ ಬಿಡಲಿ, ಹೇಳಿದ ಹೊತ್ತಿಗೆ ಕೂತು ಬರೆಯುವ ಅಭ್ಯಾಸ ಕೊಟ್ಟದ್ದೂ ಅದೇ. ಸ್ಫೂರ್ತಿ ಬರಲಿ ಅಂತ ಕಾದಿದ್ದರೆ ಒಂದು ಮಳೆಗಾಲವೂ ನನ್ನ ಪಾಲಿಗೆ ಬರುತ್ತಿರಲಿಲ್ಲ.

ಆ ಕಾದಂಬರಿ 2015ರಲ್ಲಿ ಅಚ್ಚಾಯಿತು. ಡೆಮಿ ಅಷ್ಟದಳ ಅಳತೆ, 240 ಪುಟ, ಅಂದರೆ ಹದಿನಾರು ಪುಟಕ್ಕೊಂದರಂತೆ ಹದಿನೈದು ಫಾರಂ. ಸಾವಿರ ಪ್ರತಿ. ಬೆಲೆ 180 ರೂಪಾಯಿ, ಗೌರವಧನ ನೂರಕ್ಕೆ ಹತ್ತು. ಲೆಕ್ಕ ಬರೆಯುವವನಿಗೆ ಲೆಕ್ಕ ಬಿಡಲು ಆಗುವುದಿಲ್ಲ ನೋಡಿ. ಸಾವಿರವೂ ಮಾರಿದರೆ ನನಗೆ ಬರುವುದು 18,000. ಆರು ಮಳೆಗಾಲದ ದುಡಿಮೆ ಅದು. ಅಂಕಣದಿಂದ ಮೊದಲ ವರ್ಷವೇ 52 ವಾರಕ್ಕೆ 15,600 ಆಗಿತ್ತು, ಚೆಕ್ ಮೂರು ತಿಂಗಳು ತಡವಾಗಿ ಬರುತ್ತಿತ್ತು ಅನ್ನುವುದು ಬಿಟ್ಟರೆ. ಕಾದಂಬರಿಯ ಹಣದಲ್ಲಿ ಅರ್ಧ ಪುಸ್ತಕವಾಗಿ ಬಂತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ಕಾಯುವುದು ಕನ್ನಡದ ಪ್ರಕಾಶಕರಿಗೆ ಹೊಸದಲ್ಲ. ಅದರ ಪಟ್ಟಿ ಬರುವ ತನಕ ಉಳಿದ ಅರ್ಧ ಸಿಗುವುದಿಲ್ಲ ಅಂದರು. ಕಾದೆ. ಇದರಲ್ಲೇ ಹೊಟ್ಟೆ ಹೊರೆಯುತ್ತೇನೆ ಅಂತ ಹೊರಟ ಎಳೆಯರು ಸಿಕ್ಕರೆ ನಾನು ಈ ಅಂಕಿಗಳನ್ನು ಮುಚ್ಚುಮರೆ ಇಲ್ಲದೇ ಹೇಳುತ್ತೇನೆ. ಕೈಯಲ್ಲಿ ಇನ್ನೊಂದು ಕೆಲಸ ಇರಲಿ. ಆ ಕೆಲಸವೇ ಬರೆಯಲು ಬೇಕಾದ್ದನ್ನೂ ಕೊಡುತ್ತದೆ.

2023ರ ಜನವರಿ 6ರಿಂದ ಮೂರು ದಿನ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮನೆಯಲ್ಲಿ ಉಳಿದಿದ್ದ ಪ್ರತಿಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು ಹೋಗಿ ಗೆಳೆಯರ ಮಳಿಗೆಯಲ್ಲಿ ಕೂತೆ. ಜನ ನನ್ನ ಹೆಸರು ನೋಡಿ ನಿಲ್ಲುತ್ತಿದ್ದರು. “ಶನಿವಾರ ಬರೀತೀರಲ್ಲ, ನೀವೇನಾ?” ಅಂತ ಕೇಳಿ, ಕೈ ಕುಲುಕಿ, ಪುಸ್ತಕ ಮುಟ್ಟದೇ ಹೋಗುತ್ತಿದ್ದರು. ಮೊದಲ ದಿನ ಸಂಕಟ ಆಯಿತು. ಎರಡನೇ ದಿನ ಒಬ್ಬ ನಿವೃತ್ತ ಮೇಷ್ಟ್ರು ಬಂದು, “ನಿಮ್ಮ ಅಂಕಣ ನಾನು ಓದಲ್ಲ, ನನ್ನ ಹೆಂಡತಿ ಓದ್ತಿದ್ದಳು, ಕತ್ತರಿಸಿ ಇಡ್ತಿದ್ದಳು. ಈಗ ಅವಳಿಲ್ಲ. ಇದರಲ್ಲಿ ಆ ಬರಹಗಳು ಇವೆಯಾ?” ಅಂದರು. ಇಲ್ಲ ಸರ್, ಇದು ಬೇರೆ ಅಂದೆ. ಆದರೂ ಒಂದು ತಗೊಂಡರು. ಮೂರು ದಿನದಲ್ಲಿ 61 ಪ್ರತಿ ಹೋದವು.

ಅದಕ್ಕೂ ಮೊದಲು 2020ರಲ್ಲಿ ಲಾಕ್‌ಡೌನ್ ಬಂದಾಗ ಪುರವಣಿ ನಿಂತಿತ್ತು. ನಾಲ್ಕು ತಿಂಗಳು ಅಂಕಣ ಇಲ್ಲ. ಪೇಟೆಯೂ ಕೆಲವು ವಾರ ಬಂದ್. ಕಾದಂಬರಿಗೆ ಬೇಕಾದಷ್ಟು ಹೊತ್ತು ಸಿಕ್ಕಿತಲ್ಲ ಅಂತ ಗೆಳೆಯರು ಅಂದರು. ಒಂದು ಪುಟವೂ ಮುಂದೆ ಹೋಗಲಿಲ್ಲ. ಸೋಮವಾರ ಇಲ್ಲದೇ ಮಂಗಳವಾರ ಬರೆಯಲು ನನಗೆ ಬರುವುದಿಲ್ಲ, ಮಂಗಳವಾರ ಬರೆಯದಿದ್ದರೆ ಬೇರೆ ದಿನವೂ ಬರುವುದಿಲ್ಲ ಅಂತ ಅವಾಗ ಗೊತ್ತಾಯಿತು.

ಇನ್ನೊಂದು ಸೋಮವಾರದ ಮಾತು ಹೇಳಬೇಕು. 2024ರ ಮಾರ್ಚ್ 11. ರೇಟು ಒಮ್ಮೆಗೇ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದರು. ಎಪಿಎಂಸಿ ಕಚೇರಿಯ ಮೇಲೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ನಾವು ಅಂಗಡಿಯ ಬಾಗಿಲು ಹಾಕಿ ಒಳಗೆ ಕೂತೆವು. ಸಂಜೆ ಪತ್ರಿಕೆಯಿಂದ ಫೋನು. “ಕಣ್ಣಾರೆ ನೋಡೀರಿ, ಸಾವಿರ ಪದ ಬರೀರಿ, ನಾಳಿಗೇ ಮುಖಪುಟದಾಗ ಹಾಕ್ತೀವಿ.” ಇಪ್ಪತ್ತು ವರ್ಷದಲ್ಲಿ ನನಗೆ ಮುಖಪುಟ ಸಿಕ್ಕಿರಲಿಲ್ಲ. ಬರೆದೆ. ಹೊಗೆ, ಓಡುವ ಜನ, ಒಡೆದ ಗಾಜು. ಕಣ್ಣಿಗೆ ಕಂಡದ್ದಷ್ಟನ್ನೂ ಬರೆದು ಕಳಿಸಿದೆ. ಅದು ಆ ಹೊತ್ತಿನಲ್ಲಿ ಜನರಿಗೆ ತಲುಪಬೇಕಾದ ಸುದ್ದಿಯಾಗಿತ್ತು. ಆದರೆ ಅದರಲ್ಲಿ ಒಬ್ಬ ರೈತ ಇರಲಿಲ್ಲ. ಬೆಳಿಗ್ಗೆ ನನ್ನ ಗಾದಿಯ ಮುಂದೆ ನಿಂತು, ಲಾಟ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, “ಮಗಳ ಲಗ್ನ ಐತ್ರಿ ಅಣ್ಣಾರ, ಛಲೋ ರೇಟು ಬಂದ್ರ ಸಾಕು” ಅಂದವನು. ಗಲಾಟೆ ಆದ ಮೇಲೆ ಅವನು ನನಗೆ ಕಾಣಲಿಲ್ಲ. ಅವನನ್ನು ಮಳೆ ಖಾತೆಗೆ ಬರೆದುಕೊಂಡೆ. ಮರುದಿನ ಮಂಗಳವಾರ. ಅವತ್ತೂ ಅಂಕಣಕ್ಕೆ ಅವನನ್ನು ತೆಗೆಯಲಿಲ್ಲ.

ದೊಡ್ಡವ್ವನ ಕಡೆಗೆ ಬರುತ್ತೇನೆ. 2016ರ ಮಳೆಗಾಲದಲ್ಲಿ ಧೈರ್ಯ ಮಾಡಿ ಅವಳ ಮನೆಗೆ ಹೋದೆ. ಅಷ್ಟರಲ್ಲಿ ಮಗ ಸರಿಹೋಗಿದ್ದ, ನನಗೆ ನೀರು ಕೊಟ್ಟವನೂ ಅವನೇ. “ಮರುದಿನ ಏನಾತು ಯವ್ವಾ?” ಅಂತ ಕೇಳಿದೆ. ಎಂಟು ವರ್ಷದ ಮೇಲೆ ಕೇಳಿದ ಪ್ರಶ್ನೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

“ಬಿಸಲು ಏರೋ ತನಕ ಮಲಗಿದ್ದೆ. ಲಗ್ನ ಆದಾಗಿಂದ ಹಂಗ ಮಲಗಿರಲಿಲ್ಲ. ಎದ್ದು ಬಾಗಲ ತೊಳದೆ.”

ಮೂವತ್ತು ವರ್ಷ ರಾತ್ರಿ ಅವನು ಒದೆಯುತ್ತಿದ್ದ ಬಾಗಿಲು ಅದು. ಅದರ ಕೆಳಗಿನ ಹಲಗೆ ಒಳಗೆ ಬಾಗಿತ್ತು. ಹೆಣ ಹೋದ ಮನೆಯಲ್ಲಿ ಎಲ್ಲ ತೊಳೆಯುವುದು ಇದ್ದೇ ಇದೆ, ಯಾರಿಗೂ ಏನೂ ಅನ್ನಿಸಲಿಲ್ಲ. ಇವಳು ಮಾತ್ರ ಆ ಒಂದು ಹಲಗೆಯನ್ನು ಬೂದಿ ಹಾಕಿ, ತೆಂಗಿನ ನಾರಿನಿಂದ, ಹೊತ್ತು ಇಳಿಯುವ ತನಕ ತಿಕ್ಕಿದಳು. ಅಂಗೈಯ ಉರಿಯನ್ನೂ ಲೆಕ್ಕಿಸಲಿಲ್ಲ. ಆಮೇಲೆ ಅಗಳಿ ಹಾಕಿ ಒಳಗೆ ಒಬ್ಬಳೇ ಕೂತಳಂತೆ, ಬಡಿಯುವವರು ಯಾರೂ ಬರುವುದಿಲ್ಲ ಅಂತ ಮನಸ್ಸಿಗೆ ಪೂರ್ತಿ ನಾಟುವ ತನಕ.

ಆ ಬಾಗಿಲಿನಿಂದ ನನ್ನ ಎರಡನೇ ಕಾದಂಬರಿ ಶುರುವಾಯಿತು. ಲಾಕ್‌ಡೌನಿನ ವರ್ಷ ಬಿಟ್ಟು ಪ್ರತಿ ಮಳೆಗಾಲ ಬರೆದೆ. ಊರು ಬದಲಾಯಿಸಿದೆ. ಗಂಡನಿಗೆ ಬೇರೆ ಕಸುಬು ಕೊಟ್ಟೆ. ಮಗನನ್ನು ತೆಗೆದು ಇಬ್ಬರು ಹೆಣ್ಣುಮಕ್ಕಳನ್ನು ತಂದೆ. ಕಣ್ಣಿಗೆ ಖಾರ ಒರೆಸಿಕೊಂಡದ್ದು ಅದರಲ್ಲಿ ಎಲ್ಲೂ ಇಲ್ಲ. ಅದು ಪೇಪರಿನಲ್ಲಿ ಖರ್ಚಾಗಿ ಹೋಗಿತ್ತು, ಅದನ್ನು ಮತ್ತೆ ಮುಟ್ಟುವ ಹಕ್ಕೂ ನನಗಿರಲಿಲ್ಲ.

ಕಳೆದ ತಿಂಗಳು ಮೊದಲ ಫಾರಂನ ಕರಡು ಬಂತು. ಅಕ್ಷರ ತಿದ್ದುವ ಮೊದಲು ಅವಳ ಹತ್ತಿರ ತೆಗೆದುಕೊಂಡು ಹೋದೆ. ಈಗ ಅವಳು ಪೇಟೆಗೆ ಬರುವುದಿಲ್ಲ, ಮನೆಗೇ ಒಂದು ಚೀಲ ತರಿಸಿಕೊಂಡು ಕೂತಲ್ಲೇ ತೊಟ್ಟು ಬಿಡಿಸುತ್ತಾಳೆ. ಪಡಸಾಲೆಯಲ್ಲಿ ಕೂತು ಹದಿನಾರು ಪುಟ ಓದಿದೆ. ಅವಳ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಓದಿ ಮುಗಿಸಿ ತಲೆ ಎತ್ತಿದೆ.

“ಅಕಿ ನಾ ಅಲ್ಲ” ಅಂದಳು.

“ಅಲ್ಲ ಯವ್ವಾ.”

“ಚಲೋ ಆತು.” ಇನ್ನೂ ನಾಲ್ಕು ತೊಟ್ಟು ಮುರಿದಳು. “ಆದ್ರ ಬಾಗಲಕ್ಕ ಹಸರ ಬಣ್ಣ ಯಾಕ ಹಾಕಿದಿ? ಅದು ನೀಲಿ ಇತ್ತು. ಬೇಕಾದ್ದು ಬದಲಿ ಮಾಡು, ಅದೊಂದು ನೀಲಿನ ಇರಲಿ.”

ಕರಡಿನಲ್ಲಿ ಆ ಬಾಗಿಲು ಐದು ಕಡೆ ಬಂದಿತ್ತು. ಐದೂ ಕಡೆ ಅವಳ ಮುಂದೆಯೇ ‘ಹಸಿರು’ ಹೊಡೆದು ‘ನೀಲಿ’ ಅಂತ ಬರೆದೆ. ಮುದ್ರಣದವರಿಗೆ ಫೋನ್ ಮಾಡಿ, ಮುಂದಿನ ಫಾರಂಗಳಲ್ಲಿ ಎಲ್ಲಿ ಬಾಗಿಲು ಬಂದರೂ ನನ್ನನ್ನು ಕೇಳದೇ ಅಚ್ಚಿಗೆ ಕಳಿಸಬೇಡಿ ಅಂದೆ.